ಕ್ರಿಸ್‌ಮಸ್ ಕಥೆಯನ್ನು ಬರೆದ ಚಾರ್ಲ್ಸ್ ಡಿಕನ್ಸನ ಜೀವಿತ



ಕ್ರಿಸ್‌ಮಸ್ ಹಬ್ಬವು ಹತ್ತಿರವಾದಾಗ ನಮ್ಮ ಹಳ್ಳಿಗಳಲ್ಲಿ ದೇವಾಲಯಕ್ಕೆ ಸುಣ್ಣ ಬಳಿಯುವದು, ತೋರಣ ಕಟ್ಟುವದು, ಮಕ್ಕಳಿಗೆ ಹಾಡುಗಳನ್ನು ಕಲಿಸುವದು ಮೊದಲಾದ ಕೆಲಸಗಳು ನಡೆಯುವವು. ಆ ದಿನದಲ್ಲಿ ಬಂಧುಗಳೆಲ್ಲರೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವದೂ, ಬಡವರಿಗೆ ಧಾನ್ಯವನ್ನೂ ಬಟ್ಟೆಯನ್ನೂ ಕೊಡುವದೂ, ಎದುರಾದವರಿಗೆ ಶುಭವನ್ನು ಕೋರುವದೂ ಅನೇಕ ದೇಶಗಳಲ್ಲಿ ವಾಡಿಕೆಯಾಗಿವೆ. ಈ ವಾಡಿಕೆಗಳನ್ನು ಲೋಕದಲ್ಲಿ ಬಲಪಡಿಸಿದವರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಡಿಕನ್ಸನು ಮುಖ್ಯನು. ಅವನು ಬೋಧಕನಲ್ಲ, ಮಿಶನೆರಿಯೂ ಅಲ್ಲ. ಕಥೆಗಳನ್ನು ಬರೆದು ಜೀವನ ಮಾಡಿದ ಗೃಹಸ್ಥನು. ಅವನ ವೃತ್ತಾಂತವನ್ನು ನಾವು ಎರಡು ಕಾರಣಗಳಿಗಾಗಿ ನಿಮ್ಮ ಮುಂದೆ ಇಡುತ್ತೇವೆ. ಬಡ ಸಾಲಗಾರನ ಮಗನಾಗಿ ಅವನು ಪಟ್ಟ ದುಃಖವು ಲಕ್ಷಾಂತರ ಜನರ ಮನಸ್ಸನ್ನು ಕರಗಿಸಿದ ಕಥೆಯಾಗಿ ಹೇಗೆ ಹೊರಟಿತೆಂಬದು ಒಂದು. ದಯೆಯ ವಿಷಯವಾಗಿ ಅಷ್ಟು ಚೆನ್ನಾಗಿ ಬರೆದವನು ತಾನೇ ದಯೆಯಲ್ಲಿ ಎಲ್ಲಿ ಎಡವಿದನೆಂಬದು ಮತ್ತೊಂದು.

ಮೊದಲು ಆ ಕಾಲದ ಇಂಗ್ಲೆಂಡಿನ ಸ್ಥಿತಿಯನ್ನು ತಿಳಿಯಬೇಕು. 1647ರಲ್ಲಿ ಆ ದೇಶದ ಪಾರ್ಲಿಮೆಂಟು ಕ್ರಿಸ್‌ಮಸ್ ಹಬ್ಬವನ್ನೇ ರದ್ದು ಮಾಡಿತ್ತು. ಕುಡಿತ, ಜೂಜು, ಗದ್ದಲಗಳೇ ಆ ಹಬ್ಬದಲ್ಲಿ ಹೆಚ್ಚಿದವೆಂದೂ ವೇದಪುಸ್ತಕದಲ್ಲಿ ಅದಕ್ಕೆ ಆಜ್ಞೆಯಿಲ್ಲವೆಂದೂ ಪ್ಯೂರಿಟನ್ ಎಂಬ ಪಂಗಡದವರು ವಾದಿಸಿದ್ದರು. 1660ರಲ್ಲಿ ಅರಸನು ತಿರಿಗಿ ಬಂದಾಗ ಹಬ್ಬವೂ ತಿರಿಗಿ ಬಂತು. ಆದರೆ ಮೊದಲಿನ ಬಲವು ಬರಲಿಲ್ಲ. ಆಮೇಲೆ ಯಂತ್ರಗಳ ಕಾಲವು ಬಂತು. ಹಳ್ಳಿಯ ಜನರು ಹೊಲಮನೆಗಳನ್ನು ಬಿಟ್ಟು ಪಟ್ಟಣಗಳ ಕಾರ್ಖಾನೆಗಳಿಗೆ ಸೇರಿದರು. ಹಳ್ಳಿಯಲ್ಲಿ ಒಡೆಯನೂ ಆಳೂ ಕೂಡಿ ಆಚರಿಸುತ್ತಿದ್ದ ಹಬ್ಬವು ಪಟ್ಟಣದ ಹೊಗೆಯಲ್ಲಿ ಕಳೆಗುಂದಿತು. ಇಂಥ ಕಾಲದಲ್ಲಿಯೇ ಡಿಕನ್ಸನು ಹುಟ್ಟಿದನು.

1812ನೆಯ ಇಸವಿ ಫೆಬ್ರವರಿ 7ನೆಯ ತಾರೀಖಿನಲ್ಲಿ ಪೋರ್ಟ್ಸ್‌ಮತ್ ಎಂಬ ಬಂದರಿನಲ್ಲಿ ಅವನ ಜನನವಾಯಿತು. ಅವನ ತಂದೆಯಾದ ಜಾನ್ ಡಿಕನ್ಸನು ನೌಕಾದಳದ ಸಂಬಳದ ಕಚೇರಿಯಲ್ಲಿ ಗುಮಾಸ್ತನಾಗಿದ್ದನು. ಈ ತಂದೆಯು ಸ್ನೇಹಪರನೂ ಮಾತುಗಾರನೂ ಆಗಿದ್ದಾಗ್ಯೂ ವರಮಾನಕ್ಕಿಂತ ಹೆಚ್ಚು ವೆಚ್ಚ ಮಾಡುವವನು. ಹುಡುಗನು ಚ್ಯಾಟಮ್ ಎಂಬ ಊರಿನಲ್ಲಿ ಕೆಲವು ವರುಷ ಸಂತೋಷದಿಂದ ಬೆಳೆದು, ಕೈಗೆ ಸಿಕ್ಕಿದ ಪುಸ್ತಕಗಳನ್ನೆಲ್ಲಾ ಓದಿದನು. 1822ರಲ್ಲಿ ಕುಟುಂಬವು ಲಂಡನ್ ಪಟ್ಟಣಕ್ಕೆ ಬಂತು. ಅಲ್ಲಿ ಸಾಲವು ಹೆಚ್ಚಿತು. ಮನೆಯ ಸಾಮಾನುಗಳು ಒಂದೊಂದಾಗಿ ಒತ್ತೆಗೆ ಹೋದವು. ಹುಡುಗನು ಪ್ರೀತಿಸಿದ ಪುಸ್ತಕಗಳೂ ಹೋದವು.

ಆ ದಿನಗಳ ಕಾಯಿದೆಯು ಕಠಿಣವಾಗಿತ್ತು. ಸಾಲವನ್ನು ತೀರಿಸದವನನ್ನು ಸಾಲ ಕೊಟ್ಟವನು ಸೆರೆಮನೆಗೆ ಹಾಕಿಸಬಹುದಾಗಿತ್ತು. ಸೆರೆಯಲ್ಲಿದ್ದವನು ದುಡಿಯಲಾರನು, ದುಡಿಯದವನು ಸಾಲವನ್ನು ಹೇಗೆ ತೀರಿಸಾನು? ಹೀಗೆ ಕೆಲವರು ಅಲ್ಲಿಯೇ ಮುದುಕರಾಗುತ್ತಿದ್ದರು. 1824ನೆಯ ಫೆಬ್ರವರಿ ತಿಂಗಳಲ್ಲಿ ಒಬ್ಬ ರೊಟ್ಟಿಗಾರನಿಗೆ ಕೊಡಬೇಕಾದ ಸುಮಾರು 40 ಪೌಂಡುಗಳ ನಿಮಿತ್ತ ಜಾನ್ ಡಿಕನ್ಸನು ಮಾರ್ಷಲ್‌ಸೀ ಎಂಬ ಸೆರೆಮನೆಗೆ ಹಾಕಲ್ಪಟ್ಟನು. ಸ್ವಲ್ಪ ಕಾಲದಲ್ಲಿ ತಾಯಿಯೂ ಚಿಕ್ಕ ಮಕ್ಕಳೂ ಬೇರೆ ಗತಿಯಿಲ್ಲದೆ ಅದೇ ಸೆರೆಮನೆಯ ಕೋಣೆಯಲ್ಲಿ ವಾಸ ಮಾಡಿದರು.

ಚಾರ್ಲ್ಸನಿಗೆ ಆಗ 12 ವರುಷ ತುಂಬಿದ್ದಷ್ಟೇ. ಅವನನ್ನು ಥೇಮ್ಸ್ ನದಿಯ ದಡದ ಮೇಲಿದ್ದ ಒಂದು ಕಾರ್ಖಾನೆಗೆ ಕಳುಹಿಸಿದರು. ಅಲ್ಲಿ ಬೂಟುಗಳಿಗೆ ಬಳಿಯುವ ಕಪ್ಪು ಬಣ್ಣವನ್ನು ತಯಾರಿಸುತ್ತಿದ್ದರು. ಕಟ್ಟಡವು ಹಳೆಯದು, ನೆಲವು ಕೊಳೆತದ್ದು, ಎಲ್ಲೆಲ್ಲಿಯೂ ಇಲಿಗಳು. ಬಣ್ಣದ ಭರಣಿಗಳ ಬಾಯಿಗೆ ಕಾಗದವನ್ನು ಮುಚ್ಚಿ, ದಾರದಿಂದ ಕಟ್ಟಿ, ಮೇಲೆ ಹೆಸರಿನ ಚೀಟಿಯನ್ನು ಅಂಟಿಸುವದೇ ಅವನ ಕೆಲಸ. ದಿನಕ್ಕೆ ಹತ್ತು ತಾಸು ದುಡಿದರೆ ವಾರಕ್ಕೆ ಆರು ಶಿಲಿಂಗುಗಳ ಸಂಬಳ. ರಾತ್ರಿ ಪರರ ಮನೆಯಲ್ಲಿ ಮಲಗಿ, ಇದ್ದ ಕಾಸುಗಳನ್ನು ದಿನದಿನಕ್ಕೆ ಪಾಲು ಮಾಡಿ ಕಟ್ಟಿಟ್ಟು, ಹಸಿವೆಯನ್ನು ಲೆಕ್ಕದಿಂದ ತಡೆದುಕೊಂಡನು. ಭಾನುವಾರದಲ್ಲಿ ಅಕ್ಕನಾದ ಫ್ಯಾನಿಯ ಸಂಗಡ ಸೆರೆಮನೆಗೆ ಹೋಗಿ ತಂದೆತಾಯಿಗಳ ಬಳಿಯಲ್ಲಿ ದಿನವನ್ನು ಕಳೆಯುವದೇ ಅವನಿಗಿದ್ದ ಒಂದೇ ಸಂತೋಷ.

ಮೇ ತಿಂಗಳಲ್ಲಿ ತಂದೆಗೆ ಬಿಡುಗಡೆಯಾಯಿತು. ಆದರೆ ಹುಡುಗನು ಇನ್ನೂ ಕೆಲವು ಕಾಲ ಕಾರ್ಖಾನೆಯಲ್ಲಿಯೇ ಇರಬೇಕಾಯಿತು. ಕಡೆಗೆ ತಂದೆಯು ಅವನನ್ನು ಬಿಡಿಸಿದಾಗ, ತಾಯಿಯು ಅವನು ತಿರಿಗಿ ಆ ಕೆಲಸಕ್ಕೆ ಹೋಗಲೆಂದು ಬಯಸಿದಳು. ಮನೆಯ ಬಡತನವೇ ಅವಳಿಂದ ಹಾಗೆ ಆಡಿಸಿರಬೇಕು. ಆದರೆ ಮಗನು ಇದನ್ನು ಸಾಯುವ ತನಕ ಮರೆಯಲಿಲ್ಲ. ಈ ದಿನಗಳ ನಾಚಿಕೆಯು ಅವನ ಹೃದಯದಲ್ಲಿ ಎಷ್ಟು ಆಳವಾಗಿ ಇಳಿಯಿತೆಂದರೆ, ಪ್ರಖ್ಯಾತನಾದ ಮೇಲೆಯೂ ಹೆಂಡತಿಗೂ ಪ್ರಿಯ ಸ್ನೇಹಿತನಾದ ಜಾನ್ ಫಾರ್ಸ್ಟರನಿಗೂ ಹೊರತು ಯಾರಿಗೂ ಬಾಯಿಬಿಟ್ಟು ಹೇಳಲಿಲ್ಲ. ಅವನು ತೀರಿಹೋದ ಮೇಲೆ ಫಾರ್ಸ್ಟರನು ಬರೆದ ಜೀವನ ಚರಿತ್ರೆಯಿಂದಲೇ ಲೋಕವು ಅದನ್ನು ತಿಳಿಯಿತು.

ಅವನ ಏಳಿಗೆಯನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಮತ್ತೆ ಎರಡು ಮೂರು ವರುಷ ಶಾಲೆಯಲ್ಲಿ ಓದಿ, 15ನೆಯ ವಯಸ್ಸಿನಲ್ಲಿ ವಕೀಲರ ಕಚೇರಿಯಲ್ಲಿ ಗುಮಾಸ್ತನಾದನು. ಶೀಘ್ರಲಿಪಿಯನ್ನು ಸ್ವಂತ ಪ್ರಯಾಸದಿಂದ ಕಲಿತು ಪಾರ್ಲಿಮೆಂಟಿನ ಭಾಷಣಗಳನ್ನು ಪತ್ರಿಕೆಗಳಿಗೆ ಬರೆದುಕೊಟ್ಟನು. 1836ರಲ್ಲಿ ಕ್ಯಾಥರೀನ್ ಹೋಗಾರ್ತ್ ಎಂಬವಳನ್ನು ಮದುವೆಯಾದನು. ಅದೇ ವರುಷ ಪಿಕ್‌ವಿಕ್ ಎಂಬವನ ಕಥೆಯು ತಿಂಗಳಿಗೊಂದು ಭಾಗವಾಗಿ ಹೊರಡತೊಡಗಿತು; ಕೊನೆಗೆ ತಿಂಗಳಿಗೆ 40,000 ಪ್ರತಿಗಳು ಮಾರಿದವು. ಇಪ್ಪತ್ತೈದು ವರುಷದೊಳಗೆ ಅವನ ಹೆಸರು ದೇಶವನ್ನೆಲ್ಲಾ ತುಂಬಿತು.

ಹೀಗಿರಲಾಗಿ 1843ನೆಯ ವರುಷವು ಬಂತು. ಗಣಿಗಳಲ್ಲಿಯೂ ಕಾರ್ಖಾನೆಗಳಲ್ಲಿಯೂ ದುಡಿಯುವ ಮಕ್ಕಳ ಸ್ಥಿತಿಯನ್ನು ವಿಚಾರಿಸಲು ಸರಕಾರವು ನೇಮಿಸಿದ ಮಂಡಲಿಯ ವರದಿಯನ್ನು ಅವನು ಓದಿದನು. ಎಳೆಯ ಮಕ್ಕಳು ಕತ್ತಲೆಯಲ್ಲಿ ಕಲ್ಲಿದ್ದಲಿನ ಬಂಡಿಗಳನ್ನು ಎಳೆಯುವದು, ನಿದ್ರೆಯಿಲ್ಲದೆ ಯಂತ್ರಗಳ ಮುಂದೆ ನಿಲ್ಲುವದು, ಇವುಗಳನ್ನು ತಿಳಿದು ಅವನ ಕರುಳು ಉರಿಯಿತು. ಬಡವನ ಮಗುವಿನ ಪಕ್ಷವಾಗಿ ಒಂದು ಚಿಕ್ಕ ಹೊತ್ತಗೆಯನ್ನು ಅಚ್ಚು ಹಾಕಿಸಬೇಕೆಂದು ಮೊದಲು ಯೋಚಿಸಿದನು. ಸೆಪ್ಟೆಂಬರ್ ತಿಂಗಳಲ್ಲಿ ಲಂಡನಿನ ಫೀಲ್ಡ್ ಲೇನ್ ಎಂಬ ಕೇರಿಯಲ್ಲಿ ಹರಕು ಬಟ್ಟೆಯ ಮಕ್ಕಳಿಗಾಗಿ ಧರ್ಮಾರ್ಥವಾಗಿ ನಡೆಯುತ್ತಿದ್ದ ಶಾಲೆಗೆ ಹೋದನು. ಅಲ್ಲಿ ಕೊಳೆ, ದುರ್ವಾಸನೆ, ಹಸಿವೆ, ಕಳ್ಳತನಗಳ ನಡುವೆ ಬೆಳೆದು, ದೇವರ ಹೆಸರನ್ನಾಗಲಿ ಅಕ್ಷರವನ್ನಾಗಲಿ ಅರಿಯದ ಮಕ್ಕಳನ್ನು ಕಣ್ಣಾರೆ ಕಂಡನು. ಅವರಲ್ಲಿ ಬಣ್ಣದ ಕಾರ್ಖಾನೆಯ ಹುಡುಗನನ್ನೂ ಕಂಡನೆಂದು ನಾವು ನೆನಸುತ್ತೇವೆ. ಅಕ್ಟೋಬರ್ 5ರಲ್ಲಿ ಮ್ಯಾಂಚೆಸ್ಟರ್ ಪಟ್ಟಣದಲ್ಲಿ ಕೆಲಸಗಾರರ ವಿದ್ಯೆಯ ವಿಷಯವಾಗಿ ಮಾತಾಡಿದನು. ವಾದಕ್ಕಿಂತ ಕಥೆಯೇ ಜನರ ಹೃದಯವನ್ನು ಬಲವಾಗಿ ಮುಟ್ಟುವದೆಂಬ ನಿಶ್ಚಯವು ಆ ದಿನಗಳಲ್ಲಿ ಅವನಲ್ಲಿ ಉಂಟಾಯಿತು.

ಸುಮಾರು ಆರು ವಾರಗಳಲ್ಲಿ ಅವನು ಆ ಕಥೆಯನ್ನು ಬರೆದು ಮುಗಿಸಿದನು. ರಾತ್ರಿಯಲ್ಲಿ ಪಟ್ಟಣವೆಲ್ಲಾ ಮಲಗಿರುವಾಗ ಬೀದಿಗಳಲ್ಲಿ ಮೈಲುಗಟ್ಟಲೆ ನಡೆದು, ಅಳುತ್ತಾ ನಗುತ್ತಾ ಕಥೆಯನ್ನು ಮನಸ್ಸಿನಲ್ಲಿ ಕಟ್ಟಿದನು. ಡಿಸೆಂಬರ್ 19ರಲ್ಲಿ ಪುಸ್ತಕವು ಹೊರಟಿತು. ಅದರ ಹೆಸರಿನ ಅರ್ಥವು ಕ್ರಿಸ್‌ಮಸ್ ಗೀತವೆಂದು. ಆದರೆ ಅದು ಹಾಡಲ್ಲ, ಗದ್ಯದ ಕಥೆ.

ಅದರ ಸಾರವು ಇದೇ. ಲಂಡನಿನಲ್ಲಿ ಸ್ಕ್ರೂಜ್ ಎಂಬ ಮುದಿ ಸಾಹುಕಾರನಿದ್ದನು. ಹಣವೇ ಅವನ ದೇವರು. ಹಬ್ಬದ ಹಿಂದಿನ ದಿನದಲ್ಲಿಯೂ ಅವನು ತನ್ನ ಗುಮಾಸ್ತನಾದ ಬಾಬ್ ಕ್ರ್ಯಾಚಿಟನಿಗೆ ಚಳಿ ಕಾಯಿಸಿಕೊಳ್ಳಲು ಒಂದು ತುಂಡು ಕಲ್ಲಿದ್ದಲಿಗಿಂತ ಹೆಚ್ಚು ಕೊಡನು. ಊಟಕ್ಕೆ ಕರೆಯಲು ಬಂದ ತಂಗಿಯ ಮಗನನ್ನು ಗದರಿಸಿದನು. ಬಡವರಿಗಾಗಿ ದಾನ ಕೇಳಲು ಬಂದವರಿಗೆ, ಸೆರೆಮನೆಗಳೂ ಅನಾಥರ ದುಡಿಮೆಯ ಮನೆಗಳೂ ಇರುವಾಗ ತನ್ನ ಹಣವೇಕೆಂದು ಹೇಳಿ ಕಳುಹಿಸಿದನು. ಆ ರಾತ್ರಿಯಲ್ಲಿ, ಏಳು ವರುಷಗಳ ಹಿಂದೆ ಸತ್ತ ಅವನ ಪಾಲುಗಾರನಾದ ಮಾರ್ಲಿಯ ಪ್ರೇತವು ಬಂತು. ಅದರ ಮೈಗೆ ಸುತ್ತಿದ ಸರಪಳಿಯು ಹಣದ ಪೆಟ್ಟಿಗೆ, ಬೀಗದಕೈ, ಲೆಕ್ಕದ ಪುಸ್ತಕಗಳಿಂದಲೇ ಆದದ್ದು. ಅದರ ಹಿಂದೆ ಮೂರು ಆತ್ಮಗಳು ಒಂದೊಂದಾಗಿ ಬಂದು, ಕಳೆದ ಕಾಲವನ್ನೂ ಈಗಿನ ಕಾಲವನ್ನೂ ಬರುವ ಕಾಲವನ್ನೂ ಅವನಿಗೆ ತೋರಿಸಿದವು.

ಮೊದಲನೆಯದು, ಹಬ್ಬದ ದಿನ ಎಲ್ಲರೂ ಮನೆಗೆ ಹೋದ ಮೇಲೆ ಶಾಲೆಯಲ್ಲಿ ಒಂಟಿಯಾಗಿ ಕೂತ ಹುಡುಗನನ್ನು ತೋರಿಸಿತು. ಆ ಹುಡುಗನು ಸ್ಕ್ರೂಜನೇ. ಎರಡನೆಯದು ಬಾಬನ ಮನೆಗೆ ಕರಕೊಂಡುಹೋಯಿತು. ವಾರಕ್ಕೆ 15 ಶಿಲಿಂಗ್ ಸಂಬಳದ ಆ ಮನೆಯಲ್ಲಿ ಒಂದೇ ಬಾತುಕೋಳಿಯನ್ನು ಎಲ್ಲರೂ ಹಂಚಿಕೊಂಡು ಅರಮನೆಯ ಊಟದಂತೆ ಕೊಂಡಾಡಿದರು. ಊರುಗೋಲನ್ನು ಹಿಡಿದ ಟಿಮ್ ಎಂಬ ಕುಂಟ ಮಗುವು ತಂದೆಯ ಪಕ್ಕದಲ್ಲಿ ಕೂತಿತ್ತು. ಅದೇ ಆತ್ಮವು ತನ್ನ ನಿಲುವಂಗಿಯ ಕೆಳಗಿನಿಂದ ಬಡಕಲಾದ ಇಬ್ಬರು ಮಕ್ಕಳನ್ನು ಹೊರಗೆ ತೋರಿಸಿತು. ಒಬ್ಬನ ಹೆಸರು ಅಜ್ಞಾನ, ಮತ್ತೊಬ್ಬಳ ಹೆಸರು ದಾರಿದ್ರ್ಯ. ಫೀಲ್ಡ್ ಲೇನಿನ ಮಕ್ಕಳನ್ನು ನೋಡಿಬಂದವನೇ ಈ ಭಾಗವನ್ನು ಬರೆದನೆಂಬದನ್ನು ಮರೆಯಬಾರದು. ಮೂರನೆಯದು, ಟಿಮ್ ಸತ್ತ ಮನೆಯ ಮೌನವನ್ನೂ, ಯಾರೂ ಅಳದ ಒಂದು ಸಮಾಧಿಯನ್ನೂ ತೋರಿಸಿತು. ಕಲ್ಲಿನ ಮೇಲಿದ್ದ ಹೆಸರು ಸ್ಕ್ರೂಜನದೇ. ಬೆಳಿಗ್ಗೆ ಎದ್ದಾಗ ಅವನು ಬೇರೆ ಮನುಷ್ಯನಾಗಿದ್ದನು. ಬಾಬನ ಮನೆಗೆ ದೊಡ್ಡ ಟರ್ಕಿ ಕೋಳಿಯನ್ನು ಕಳುಹಿಸಿದನು; ದಾನ ಕೇಳಿದವರನ್ನು ತಾನೇ ಕಂಡು ಹಿಂದಿನ ಬಾಕಿಯನ್ನೂ ಸೇರಿಸಿ ಕೊಡುತ್ತೇನೆಂದನು; ಅಳಿಯನ ಮನೆಯ ಬಾಗಿಲನ್ನು ತಟ್ಟಿದನು; ಬಾಬನ ಸಂಬಳವನ್ನು ಹೆಚ್ಚಿಸಿದನು. ಟಿಮ್ ಸಾಯಲಿಲ್ಲ.

ಕ್ರಿಸ್‌ಮಸಿನೊಳಗಾಗಿ ಮೊದಲು ಅಚ್ಚಾದ 6,000 ಪ್ರತಿಗಳೂ ಮಾರಿಹೋದವು. ಆದರೆ ಲೇಖಕನಿಗೆ ದೊರೆತ ಲಾಭವು ಸ್ವಲ್ಪವೇ. ಕೆಂಪು ಬಟ್ಟೆಯ ರಟ್ಟು, ಚಿನ್ನದ ಅಂಚು, ಜಾನ್ ಲೀಚನು ಬರೆದು ಕೈಯಿಂದ ಬಣ್ಣ ಹಾಕಿಸಿದ ಚಿತ್ರಗಳು, ಇವೆಲ್ಲಾ ಬೇಕೆಂದು ಹೇಳಿ, ಬೆಲೆಯನ್ನು ಮಾತ್ರ ಐದು ಶಿಲಿಂಗಿಗೆ ಮೀರಗೊಡಲಿಲ್ಲ. ಸಾವಿರ ಪೌಂಡು ಬಂದೀತೆಂದು ಕಾದವನಿಗೆ ಆ ಮೊದಲಿನ ಪ್ರತಿಗಳಿಂದ 230 ಪೌಂಡು ಮಾತ್ರ ಬಂತು. ಕಥೆಯನ್ನು ಕದ್ದು ಅಚ್ಚು ಹಾಕಿದವರ ಮೇಲೆ ವ್ಯಾಜ್ಯ ಹೂಡಿ ಗೆದ್ದರೂ ಅವರು ದಿವಾಳಿಯಾದದರಿಂದ ಖರ್ಚೂ ಇವನ ತಲೆಯ ಮೇಲೆಯೇ ಬಿತ್ತು. ಹಣದ ಆಶೆಯನ್ನು ಖಂಡಿಸಿದ ಪುಸ್ತಕವು ಅವನಿಗೆ ಆ ವರುಷ ಹಣವನ್ನು ತರಲಿಲ್ಲ.

ಅದೇ 1843ರಲ್ಲಿ ಹೆನ್ರಿ ಕೋಲ್ ಎಂಬವನು ಲಂಡನಿನಲ್ಲಿ ಮೊದಲನೆಯ ಕ್ರಿಸ್‌ಮಸ್ ಶುಭಾಶಯದ ಕಾರ್ಡುಗಳನ್ನು ಅಚ್ಚು ಹಾಕಿಸಿದನು. 1848ರಲ್ಲಿ ವಿಕ್ಟೋರಿಯ ರಾಣಿಯ ಕುಟುಂಬವು ಅಲಂಕರಿಸಿದ ಮರದ ಸುತ್ತಲೂ ನಿಂತ ಚಿತ್ರವು ಪತ್ರಿಕೆಯಲ್ಲಿ ಬಂದ ಮೇಲೆ ಜರ್ಮನಿಯ ಆ ಪದ್ಧತಿಯು ಇಂಗ್ಲಿಷರ ಮನೆಗಳಲ್ಲಿ ಹರಡಿತು. ಕಾರ್ಡೂ ಮರವೂ ಕಣ್ಣಿಗೆ ಹಬ್ಬವನ್ನು ತಂದವು. ಡಿಕನ್ಸನ ಕಥೆಯು ಬಡವನನ್ನು ಹಬ್ಬದೊಳಗೆ ಕರೆತಂತು. ಬಾಗಿಲಲ್ಲಿ ನಿಂತ ಹಸಿದವನನ್ನು ಮರೆತು ಉಣ್ಣುವ ಊಟವು ಕ್ರಿಸ್‌ಮಸಿನ ಊಟವಲ್ಲವೆಂಬ ಭಾವನೆಯನ್ನು ಜನಸಾಮಾನ್ಯರಲ್ಲಿ ಬೇರೂರಿಸಿದವರಲ್ಲಿ ಅವನು ಮೊದಲಿನವನು.

1853ರ ಡಿಸೆಂಬರಿನಲ್ಲಿ ಬರ್ಮಿಂಗ್‌ಹ್ಯಾಮ್ ಪಟ್ಟಣದಲ್ಲಿ ಒಂದು ವಿದ್ಯಾಸಂಸ್ಥೆಯ ಸಹಾಯಕ್ಕಾಗಿ ಅವನು ಈ ಕಥೆಯನ್ನು ಸಭೆಯ ಮುಂದೆ ಗಟ್ಟಿಯಾಗಿ ಓದಿದನು. ಕೆಲಸಗಾರರಿಗಾಗಿ ಕಡಿಮೆ ದರದಲ್ಲಿ ಒಂದು ಸಭೆ ಆಗಲೇಬೇಕೆಂದು ತಾನೇ ಕೇಳಿಕೊಂಡನು. ಅವರು ಕಿಕ್ಕಿರಿದು ನೆರೆದರು. 1852ರಲ್ಲಿ ಹತ್ತೇ ಹಾಸಿಗೆಗಳಿಂದ ಆರಂಭವಾದ ಲಂಡನಿನ ಮಕ್ಕಳ ಆಸ್ಪತ್ರೆಯು ಹಣವಿಲ್ಲದೆ ಕುಗ್ಗಿದಾಗ, 1858ರಲ್ಲಿ ಅದಕ್ಕಾಗಿ ಮಾತಾಡಿ, ಈ ಕಥೆಯನ್ನು ಓದಿ, ಹಣವನ್ನು ಕೂಡಿಸಿಕೊಟ್ಟನು. ದಾರಿತಪ್ಪಿದ ಸ್ತ್ರೀಯರಿಗಾಗಿ 1847ರಲ್ಲಿ ಒಂದು ಆಶ್ರಯದ ಮನೆಯನ್ನು ಏಂಜೆಲಾ ಬರ್ಡೆಟ್ ಕೌಟ್ಸ್ ಎಂಬ ಧನವಂತೆಯ ಸಹಾಯದಿಂದ ತೆರೆದು ಬಹು ವರುಷ ನೋಡಿಕೊಂಡನು. ತನ್ನ ಮಕ್ಕಳಿಗೋಸ್ಕರ 1846ರಿಂದ 1849ರ ವರೆಗೆ ಸುವಾರ್ತೆಗಳ ಆಧಾರದಿಂದ ಕರ್ತನ ಚರಿತ್ರೆಯನ್ನು ಸುಲಭವಾದ ಮಾತುಗಳಲ್ಲಿ ಬರೆದನು. ಅದನ್ನು ಅಚ್ಚು ಹಾಕಬಾರದೆಂದು ಹೇಳಿದ್ದದರಿಂದ, ಅವನ ಮಕ್ಕಳಲ್ಲಿ ಕೊನೆಯವನು ತೀರಿಹೋದ ಮೇಲೆ, 1934ರಲ್ಲಿಯೇ ಅದು ಬೆಳಕಿಗೆ ಬಂತು.

ಇಲ್ಲಿಗೆ ನಿಲ್ಲಿಸಿದರೆ ನಿಮಗೆ ಸಂತೋಷವಾದೀತು. ಆದರೆ ಸತ್ಯವನ್ನು ಮರೆಮಾಡುವದು ನಮಗೆ ಯುಕ್ತವಲ್ಲ. ಹತ್ತು ಮಕ್ಕಳನ್ನು ಹೆತ್ತ ಹೆಂಡತಿಯನ್ನು ಅವನು 1858ರಲ್ಲಿ ಮನೆಯಿಂದ ಬೇರೆಮಾಡಿದನು. ಎಲೆನ್ ಟರ್ನನ್ ಎಂಬ ಎಳೆಯ ನಟಿಯ ಮೇಲೆ ಅವನ ಮನಸ್ಸು ಹೋಗಿತ್ತು. ಆದಾಗ್ಯೂ ತಾನು ನಿರ್ದೋಷಿಯೆಂದು ತನ್ನ ಪತ್ರಿಕೆಯಲ್ಲಿಯೇ ಪ್ರಕಟಿಸಿದನು. ಹಿರಿಯ ಮಗನು ಮಾತ್ರ ತಾಯಿಯ ಸಂಗಡ ಹೋದನು. ಮನೆಯ ಒಲೆಯ ಸುತ್ತಲೂ ಕೂತ ಕುಟುಂಬದ ಹಬ್ಬವನ್ನು ಲೋಕಕ್ಕೆ ವರ್ಣಿಸಿದವನ ಹೆಂಡತಿಯು 1879ರಲ್ಲಿ ಸಾಯುವ ತನಕ ಆ ಒಲೆಯಿಂದ ದೂರವಾಗಿದ್ದಳು.

ಮತ್ತೊಂದು ಸಂಗತಿಯು ನಮ್ಮ ದೇಶಕ್ಕೇ ಸಂಬಂಧಪಟ್ಟದ್ದು. 1857ರಲ್ಲಿ ಉತ್ತರ ಹಿಂದೂಸ್ಥಾನದಲ್ಲಿ ಸಿಪಾಯಿಗಳು ಎದ್ದು, ಕಾನಪುರದಲ್ಲಿ ಇಂಗ್ಲಿಷ್ ಸ್ತ್ರೀಯರೂ ಮಕ್ಕಳೂ ಕೊಲ್ಲಲ್ಪಟ್ಟ ವರ್ತಮಾನವು ಲಂಡನಿಗೆ ಮುಟ್ಟಿದಾಗ, ಅವನು ಒಂದು ಕಾಗದದಲ್ಲಿ ಈ ಜನಾಂಗವನ್ನೇ ನಿರ್ಮೂಲ ಮಾಡಬೇಕೆಂಬ ಅಭಿಪ್ರಾಯವನ್ನು ಬರೆದನು. ಆ ವರುಷ ತನ್ನ ಪತ್ರಿಕೆಯ ಕ್ರಿಸ್‌ಮಸ್ ಸಂಚಿಕೆಯಲ್ಲಿಯೂ ಅದೇ ಕೋಪದಿಂದ ಹುಟ್ಟಿದ ಕಥೆಯನ್ನು ಅಚ್ಚು ಹಾಕಿಸಿದನು. ಲಂಡನಿನ ಹಸಿದ ಮಗುವಿಗಾಗಿ ಅತ್ತ ಕಣ್ಣುಗಳಿಗೆ ಸಮುದ್ರದ ಈಚೆಯ ಮಕ್ಕಳು ಕಾಣಿಸಲಿಲ್ಲ.

ಆ ವರುಷವೇ ಅವನ ಎರಡನೆಯ ಮಗನಾದ ವಾಲ್ಟರನು 16 ವರುಷದವನಾಗಿ ಈಸ್ಟ್ ಇಂಡಿಯಾ ಕಂಪನಿಯ ದಂಡಿಗೆ ಸೇರಿ ನಮ್ಮ ದೇಶಕ್ಕೆ ಬಂದನು. ಇಲ್ಲಿ ಅವನು ಸಾಲದಲ್ಲಿ ಬಿದ್ದನು. ರೋಗಪೀಡಿತನಾಗಿ ಊರಿಗೆ ಹೊರಟವನು 1863ನೆಯ ಡಿಸೆಂಬರ್ 31ರಲ್ಲಿ ಕಲ್ಕತ್ತೆಯಲ್ಲಿ ತೀರಿಹೋದನು. ಆಗ ಅವನಿಗೆ 22 ವರುಷ. ಆ ವರ್ತಮಾನವು ತಂದೆಗೆ ಮುಟ್ಟಿದ್ದು 1864ನೆಯ ಫೆಬ್ರವರಿ 7ರಲ್ಲಿ, ಅವನ ಜನ್ಮದಿನದಲ್ಲಿಯೇ. ಹಿಂದೆಯೇ ಮಗನ ಸಾಲದ ಪಟ್ಟಿಗಳೂ ಬಂದವು. ಸಾಲಗಾರನ ಮಗನಾಗಿ ಅತ್ತವನು ಹೀಗೆ ಸಾಲಗಾರನ ತಂದೆಯಾಗಿಯೂ ಅತ್ತನು.

ಕಡೆಯ ವರುಷಗಳಲ್ಲಿ ಅವನು ತನ್ನ ಕಥೆಗಳನ್ನು ಓದುತ್ತಾ ಇಂಗ್ಲೆಂಡಿನಲ್ಲಿಯೂ ಅಮೇರಿಕಾ ದೇಶದಲ್ಲಿಯೂ ಸಂಚರಿಸಿದನು. ದೇಹವು ಕ್ಷೀಣಿಸಿದರೂ ಬಿಡಲಿಲ್ಲ. 1870ನೆಯ ಮಾರ್ಚ್ 15ರಲ್ಲಿ ಲಂಡನಿನಲ್ಲಿ ಕೊನೆಯ ಬಾರಿ ಓದಿದಾಗಲೂ ಕ್ರಿಸ್‌ಮಸಿನ ಕಥೆಯನ್ನೇ ಆರಿಸಿಕೊಂಡನು. ಹುಡುಗನಾಗಿದ್ದಾಗ ದಾರಿಯಿಂದ ನೋಡಿ ಆಶೆಪಟ್ಟು, 1856ರಲ್ಲಿ ಕೊಂಡುಕೊಂಡ ಗ್ಯಾಡ್ಸ್ ಹಿಲ್ ಮನೆಯಲ್ಲಿ ಅದೇ ವರುಷದ ಜೂನ್ 9ರಲ್ಲಿ, ತನ್ನ 58ನೆಯ ವಯಸ್ಸಿನಲ್ಲಿ ಪ್ರಾಣ ಬಿಟ್ಟನು. ಆಡಂಬರವಿಲ್ಲದೆ ಹೂಳಬೇಕೆಂದೂ, ಸ್ಮಾರಕವನ್ನು ಕಟ್ಟಬಾರದೆಂದೂ, ಮಕ್ಕಳು ಹೊಸ ಒಡಂಬಡಿಕೆಯ ಬೋಧನೆಯಂತೆ ನಡೆಯಲೆಂದೂ ಮರಣಪತ್ರದಲ್ಲಿ ಬರೆದಿದ್ದನು. ಲಂಡನಿನ ವೆಸ್ಟ್‌ಮಿನ್‌ಸ್ಟರ್ ದೇವಾಲಯದಲ್ಲಿ ಸ್ವಲ್ಪ ಜನರ ಮುಂದೆಯೇ ಅವನನ್ನು ಹೂಣಿಟ್ಟರು. ಸಾಲಕ್ಕಾಗಿ ಸೆರೆಹಾಕುವ ಪದ್ಧತಿಯು ಅದಕ್ಕೆ ಒಂದು ವರುಷ ಮೊದಲು, 1869ರ ಕಾಯಿದೆಯಿಂದ ಬಹುಮಟ್ಟಿಗೆ ನಿಂತಿತ್ತು.

ಕಥೆಯು ಮಾತ್ರ ಸಾಯಲಿಲ್ಲ. ಚಲನಚಿತ್ರವೆಂಬದು ಹುಟ್ಟಿ ಕೆಲವೇ ವರುಷಗಳಾದಾಗ, 1901ರಲ್ಲಿಯೇ ಅದನ್ನು ಚಿತ್ರವಾಗಿ ಮಾಡಿದರು. 1951ರಲ್ಲಿ ಅಲಾಸ್ಟರ್ ಸಿಮ್ ಎಂಬ ನಟನು ಸ್ಕ್ರೂಜನ ವೇಷದಲ್ಲಿ ಹೆಸರಾದನು. 1992ರಲ್ಲಿ ಬೊಂಬೆಗಳಿಂದಲೂ ಆಡಿಸಿದರು. ಮಕ್ಕಳ ಚಿತ್ರಪುಸ್ತಕಗಳಲ್ಲಿ 1947ರಲ್ಲಿ ಹುಟ್ಟಿದ ಒಂದು ಜಿಪುಣ ಬಾತುಕೋಳಿಗೂ ಸ್ಕ್ರೂಜನ ಹೆಸರನ್ನೇ ಇಟ್ಟರು. ಇಂಗ್ಲಿಷ್ ಭಾಷೆಯಲ್ಲಿ ಆ ಹೆಸರಿಗೆ ಜಿಪುಣನೆಂಬದೇ ಅರ್ಥವಾಗಿಹೋಯಿತು. ಆದರೆ ಇದು ನ್ಯಾಯವೋ? ಸ್ಕ್ರೂಜನು ಕಥೆಯ ಕೊನೆಯಲ್ಲಿ ಉದಾರಿಯಾದನಷ್ಟೆ. ಲೋಕವು ಅವನ ಪಾಪವನ್ನು ನೆನಪಿನಲ್ಲಿ ಇಟ್ಟುಕೊಂಡು ಅವನ ಮಾನಸಾಂತರವನ್ನು ಮರೆಯಿತು. ನಮ್ಮ ನಡುವೆಯೂ ತಿರುಗಿಕೊಂಡ ಸಹೋದರನನ್ನು ಹಳೆಯ ಹೆಸರಿನಿಂದಲೇ ಕರೆಯುವ ಅಭ್ಯಾಸವಿಲ್ಲವೇ?

ವಾಚಕರೇ, ಆ ಕಥೆಯಲ್ಲಿ ಬೇತ್ಲೆಹೇಮಿನ ಗೋದಲಿಯ ಮಾತು ಬಹು ಸ್ವಲ್ಪವೇ ಉಂಟು. ಆದರೂ ಗೋದಲಿಯಲ್ಲಿ ಮಲಗಿದವನು ಯಾರ ಪಕ್ಷದವನೆಂಬದನ್ನು ಅದು ಮರೆಯಲಿಲ್ಲ. ನಾವು ಹಳ್ಳಿಗಳಲ್ಲಿ ಸಂಚರಿಸುವಾಗ ಬಡ್ಡಿಯ ಭಾರದಿಂದ ತಲೆಯೆತ್ತಲಾರದ ತಂದೆಗಳನ್ನೂ, ತಂದೆಯ ಸಾಲಕ್ಕಾಗಿ ಶಾಲೆ ಬಿಟ್ಟ ಮಕ್ಕಳನ್ನೂ ಕಂಡಿದ್ದೇವೆ. ಇಂಥ ಮಗುವು ತನ್ನ ನಾಚಿಕೆಯನ್ನು ಯಾರಿಗೂ ಹೇಳದು. ನಾವೇ ಹುಡುಕಿ ತಿಳಿಯಬೇಕು. ಈ ಹಬ್ಬದಲ್ಲಿ ಹೊಸ ಬಟ್ಟೆಗಾಗಿ ಸಾಲ ಮಾಡುವದಕ್ಕಿಂತ, ಒಂದು ಮಗುವಿನ ಪುಸ್ತಕಕ್ಕೆ ಕಾಸು ಕೊಡುವದು ಮೇಲು. ಅದಕ್ಕಿಂತ ಮೊದಲು ನಮ್ಮ ನಮ್ಮ ಮನೆಯೊಳಗೆ ನೋಡಿಕೊಳ್ಳೋಣ. ಮಾತು ಬಿಟ್ಟ ಹೆಂಡತಿ, ದೂರಮಾಡಿದ ಅಣ್ಣ, ಬಾಗಿಲಿಗೆ ಬರಲು ಅಂಜುವ ಮಗನು ಇದ್ದರೆ, ದಯೆಯು ಅಲ್ಲಿಂದಲೇ ಆರಂಭವಾಗಲಿ. ಡಿಕನ್ಸನು ಬರೆದದ್ದನ್ನು ಓದಿ ಅಳುವದು ಸುಲಭ, ಅವನು ಮಾಡಲಾರದೆ ಹೋದದ್ದನ್ನು ಮಾಡುವದು ಕಷ್ಟ. ಆ ಬಲವನ್ನು ದೇವರು ನಮಗೆಲ್ಲರಿಗೂ ಅನುಗ್ರಹಿಸಲಿ.